ಬೋಬಿಲಾಳ ಅಜ್ಜ ಸರದಾರನ ಅಜ್ಜನಾದದ್ದು

ಮೋಸೆಲ್ ನದಿಯ ದಂಡೆಯಲ್ಲಿ ಬೋಬಿಲಾಳಿಗೆ ಇದ್ದದ್ದು ಒಂದು ತುಂಡು ದ್ರಾಕ್ಷಿ ತೋಟ, ಒಂದು ಹಂದಿ, ಯಾರ ಮುಲಾಜಿಗೂ ಒಳಗಾಗದ ಬಾಯಿ. ಗಂಡ ಸತ್ತ ಮೇಲೆ ಬಳ್ಳಿಗಳನ್ನು ಒಬ್ಬಳೇ ಸಾಕಿಕೊಂಡು ಬಂದಿದ್ದಳು. ತೋಟದ ಅಂಚಿಗೆ ದಿಬ್ಬ, ದಿಬ್ಬದ ಮೇಲೆ ಅವಳ ಅಜ್ಜ, ಅಪ್ಪನ ಅಪ್ಪ, ಗುಂಡೊನ ಗೋರಿ. ಗುಂಡೊ ಬದುಕಿದ್ದಷ್ಟು ಕಾಲ ಊರ ಹಂದಿ ಕಾಯ್ದ. ಹೆಂಡತಿಗೆ ಹೆದರಿ ಹಂದಿಗಳ ಜೊತೆಗೇ ಮಲಗುತ್ತಿದ್ದ.

ಆ ಊರಿಗೆ ಬೆರ್ಟುಲ್ಫ ಎಂಬ ಫ್ರಾಂಕ್ ಜನಾಂಗದ ಸರದಾರ ಬಂದ. ಯುದ್ಧದಲ್ಲಿ ಅರಸನ ಪಕ್ಕ ನಿಂತು ಕಾದಾಡಿದ್ದಕ್ಕೆ ಊರಿಗೆ ಊರೇ ಉಂಬಳಿ ಸಿಕ್ಕಿತ್ತು. ಆದರೆ ಅದು ಅವನ ಜೀವಮಾನಕ್ಕೆ ಮಾತ್ರ. ಮಕ್ಕಳಿಗೂ ಉಳಿಯಬೇಕಾದರೆ ನೆಲ ಪಿತ್ರಾರ್ಜಿತವೆಂದು ತೋರಿಸಬೇಕು. ಬೆರ್ಟುಲ್ಫನಿಗೆ ಕುದುರೆಗಳಿದ್ದವು, ಕತ್ತಿಯಿತ್ತು, ದಷ್ಟಪುಷ್ಟ ಗಂಡುಮಕ್ಕಳಿದ್ದರು. ಇಲ್ಲದ್ದೆಂದರೆ ಈ ಊರಲ್ಲಿ ಸತ್ತ ಒಬ್ಬ ಅಜ್ಜ. ಹುಡುಕುತ್ತ ಹೊರಟವನ ಕಣ್ಣಿಗೆ ದಿಬ್ಬದ ಮೇಲಿನ ಅಕ್ಷರವಿಲ್ಲದ ಕಲ್ಲು ಬಿತ್ತು.

ಊರ ಹಿರಿಯರನ್ನು ಕರೆಸಿ, ಹಂದಿ ಸುಟ್ಟು ಬಡಿಸಿ, ಪೀಪಾಯಿಗಟ್ಟಲೆ ಬಿಯರ್ ಕುಡಿಸಿದ. ಗೋರಿಯಲ್ಲಿರುವ ಗುಂಡೊ ಸರದಾರನ ಅಪ್ಪನ ಅಪ್ಪ ಎಂದು ಅವರು ತೇಗುತ್ತಲೇ ಸಾಕ್ಷಿ ನುಡಿದರು. ನುಡಿದದ್ದು ಮರೆಯಬಾರದೆಂದು ಸಾಕ್ಷಿಗಳ ಕಿವಿ ಹಿಂಡುವುದು ಆ ಸೀಮೆಯ ಕಟ್ಟಳೆ. ಅಷ್ಟೂ ಕಿವಿಗಳನ್ನು ಬೆರ್ಟುಲ್ಫ ತಾನೇ ಮನಸ್ಸಿಟ್ಟು ಹಿಂಡಿದ. ನಾಚಿಕೆಗೆಟ್ಟ ಮುದುಕರು ಕೆಂಪಾದ ಕಿವಿ ಸವರಿಕೊಳ್ಳುತ್ತ ಮನೆಗೆ ಹೋದರು.

ಮರುದಿನ ಸರದಾರನ ಆಳುಗಳು ಅಜ್ಜನ ಗೋರಿಗೆ ಬೇಲಿ ಎಂಬ ನೆಪದಲ್ಲಿ ಬೋಬಿಲಾಳ ತೋಟವನ್ನೂ ಒಳಗೆ ಸೇರಿಸಿ ಗೂಟ ಹೊಡೆದರು. ಅಜ್ಜ ಬೇಕಾದರೆ ಹೋಗಲಿ, ಬಳ್ಳಿ ಹೋದರೆ ಅವಳು ಬದುಕುವುದು ಹೇಗೆ?

ಅರಸನ ನ್ಯಾಯಾಧಿಪತಿ ಬಂದು ನ್ಯಾಯಸಭೆ ಸೇರಿದ ದಿನ ಅವಳು ದೂರು ಕೊಡಲಿಲ್ಲ. ಹಬ್ಬದ ಶಾಲು ಹೊದ್ದು ಬಂದು ಬೆರ್ಟುಲ್ಫನ ಪೀಠದ ಮೇಲೇ, ಅವನನ್ನು ಒಂದಿಷ್ಟು ಸರಿಸಿ, ಕೂತಳು. ದಿಬ್ಬದ ಮೇಲಿರುವುದು ಯಾರ ಅಜ್ಜ ಎಂದು ಹಿರಿಯರನ್ನು ಕೇಳಿದಳು. ಕಿವಿ ಹಿಂಡಿಸಿಕೊಂಡ ಮೇಲೆ ಮಾತು ತಿರುಗಿಸಿದವನ ಕೈ ಕಡಿಯುತ್ತಾರೆ. ಸರದಾರರ ಅಜ್ಜ ಎಂದು ಅವರು ಗೊಣಗಿದರು. ಗುಂಡೊ ತನಗೇನಾಗಬೇಕು ಎಂದಳು. ಅವಳ ಅಜ್ಜನೆಂಬುದು ಊರಿಗೆಲ್ಲ ಗೊತ್ತಿದ್ದದ್ದೇ; ಅದನ್ನೂ ಒಪ್ಪಿದರು.

"ಹಂಗಾದ್ರೆ ನೀನು ನನ್ನ ಚಿಕ್ಕಪ್ಪನ ಮಗ ಆದೆ ಕಣೋ ತಮ್ಮಾ," ಎಂದು ಬೆರ್ಟುಲ್ಫನ ಕಡೆ ತಿರುಗಿದಳು. "ಇಷ್ಟು ದಿನ ಎಲ್ಲಿದ್ಯೋ? ಮೂಗು ನೋಡು, ಥೇಟ್ ಅಜ್ಜಂದೇ. ಅವ್ನು ಹಂದಿ ಜೊತೆ ಮಲಗ್ತಿದ್ದ ಕತೆ ನಿಂಗೆ ಯಾರಾದ್ರೂ ಹೇಳಿದಾರಾ?"

ಈಕೆ ನಿನ್ನ ಸಂಬಂಧಿಯೋ ಅಲ್ಲವೋ ಎಂದು ನ್ಯಾಯಾಧಿಪತಿ ಕೇಳಿದ. ಅಲ್ಲವೆಂದರೆ ಅಜ್ಜ ಹೋದ, ಅಜ್ಜನ ಹಿಂದೆ ಮಕ್ಕಳ ನೆಲವೂ ಹೋಯಿತು. ಹೌದೆಂದರೆ ರಕ್ತಸಂಬಂಧಿಯ ತೋಟಕ್ಕೆ ಕೈ ಹಾಕುವಂತಿಲ್ಲ. ಬೆರ್ಟುಲ್ಫ ಮಕ್ಕಳ ಮುಖ ನೋಡಿದ. ಆಮೇಲೆ ಆಳುಗಳ ಕಡೆ ತಿರುಗಿದ.

"ಅಕ್ಕನ ತೋಟ ಬಿಟ್ಟು ಬೇಲಿ ಹಾಕ್ರೋ."

ಬಳ್ಳಿ ಉಳಿದ ಖುಷಿಗೆ ಬೋಬಿಲಾ ಅಲ್ಲೇ ಗಳಗಳನೆ ಅತ್ತುಬಿಟ್ಟಳು. ಕಳೆದುಹೋಗಿದ್ದ ತಮ್ಮ ಸಿಕ್ಕ ಸಂತೋಷವೆಂದುಕೊಂಡು ಸಭೆಯೂ ಕಣ್ಣೊರೆಸಿಕೊಂಡಿತು.