ಜಿಜಾಬಾಯಿಯ ವಿಧವಾ ವೇತನ

ಕೊಹಿನೂರು ಹಳ್ಳಿಯಲ್ಲಿ ನಮ್ಮ ಮನೆಗೂ ಜಿಜಾಬಾಯಿಯ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಂಡ ಪಂಡರಿ ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದವನು ಸುದ್ದಿಯಿಲ್ಲದೆ ಕಳೆದುಹೋಗಿದ್ದ. ಅವಳು ಮಂದಿಯ ಕುರಿ ಕಾಯ್ದು ಮಗಳನ್ನು ಸಾಕುತ್ತಿದ್ದಳು. ಆದರೂ ಸಂಜೆಯಾದರೆ ಹಣೆತುಂಬ ಕುಂಕುಮ ಇಟ್ಟುಕೊಂಡು ಬಸ್ಸಿನ ದಾರಿ ನೋಡುತ್ತಿದ್ದಳು.

ಎಂಬತ್ನಾಲ್ಕರಲ್ಲಿ ದಿಗಂಬರ ಬಂದ. ಕಲ್ಯಾಣದ ತಾಲೂಕು ಕಚೇರಿಯಲ್ಲಿ ಬಡವರ ಕೆಲಸ ಮಾಡಿಸಿಕೊಡುವ ದಲಾಲ ಅವನು. ಬಡವರ ಉದ್ಧಾರವಂತೆ, ಅವನ ಬಾಯಿಗೆ ಮಣ್ಣು ಹಾಕ. ಯಾರ ಉದ್ಧಾರವಾಯಿತೆಂದು ಅವನ ಹೊಸ ಮಾಳಿಗೆಯನ್ನು ಕೇಳಬೇಕು.

"ಸರ್ಕಾರ ವಿಧವೇರಿಗೆ ರೊಕ್ಕ ಕೊಡಾಕತ್ತದ, ಜಿಜಾಬಾಯಿ. ನಿನಗೂ ಮಾಡಸ್ತೀನಿ," ಅಂದ.

"ನಮ್ಮ ಮನಿಯವರು ಸತ್ತಿಲ್ಲಲ್ರಿ."

"ಬದುಕ್ಯಾನ ಅಂತ ನಿನಗ ಯಾರ ಹೇಳ್ಯಾರ? ಸಾಹೇಬರು ವಿಚಾರಣಿ ಚೌಕಶಿಗೆ ಬಂದಾಗ ಕೈಯಾಗ ಬಳಿ ಇರಬಾರದು, ಅಷ್ಟ."

ಮಗಳು ಜ್ವರದಲ್ಲಿ ಮಲಗಿದ್ದಳು. ಮನೆಯಲ್ಲಿ ನುಚ್ಚಿಗೂ ಗತಿಯಿರಲಿಲ್ಲ. ಹೊಸ್ತಿಲ ಮೇಲೆ ಕೈಯಿಟ್ಟು ತಾನೇ ಬಳೆ ಒಡೆದುಕೊಂಡಳು. ಸದ್ದು ಕೇಳಿ ನಾನು ಓಡಿಹೋದಾಗ ಒಡೆದ ಚೂರು ಆರಿಸುತ್ತ ಕೂತಿದ್ದಳು.

"ನಾನ ಅವರನ್ನ ಕೊಂದೆ, ಸರು ಅಕ್ಕಾ," ಅಂದಳು.

ಚೌಕಶಿ ಮುಗಿದು ತಿಂಗಳಿಗೊಮ್ಮೆ ಮನಿಆರ್ಡರ್ ಬರತೊಡಗಿತು. ಪೋಸ್ಟಿನವನ ಹಿಂದೆಯೇ ದಿಗಂಬರ ಬರುತ್ತಿದ್ದ. ಅರ್ಧಕ್ಕಿಂತ ಹೆಚ್ಚು ಅವನ ಕಿಸೆಗೆ, ಉಪ್ಪು ಎಣ್ಣೆಗಾಗುವಷ್ಟು ಇವಳಿಗೆ. ಇವಳಿಗೋ ಹಾಡಹಗಲೇ ಗಂಡ ಕೆಮ್ಮಿದ್ದು ಕೇಳುತ್ತಿತ್ತು. ಬೀಸುವ ಕಲ್ಲು ಬಿಟ್ಟು ಹೊರಗೆ ಬಂದು ನೋಡುತ್ತಿದ್ದಳು.

ಬಳೆ ಒಡೆದ ಮೇಲೆ ಸತ್ತವನಿಗೆ ಎಡೆ ಇಡಲೇಬೇಕು, ಇಲ್ಲವಾದರೆ ಮಂದಿಗೆ ಸಂಶಯ. ಪಿತೃಪಕ್ಷದ ಅಮಾವಾಸ್ಯೆಗೆ ಹುಗ್ಗಿ, ಕಡಲೆಹಿಟ್ಟಿನ ಝುಣಕ ಮಾಡಿ ಮಣ್ಣಿನ ಮಾಳಿಗೆಯ ಮೇಲೆ ಇಟ್ಟಳು. ಎಲ್ಲರ ಎಡೆಗೂ ಕಾಗೆಗಳು ಬಂದವು, ಇವಳದನ್ನು ಮುಟ್ಟಲಿಲ್ಲ. ಅದನ್ನೇ ನೋಡುತ್ತ ನಿಂತಿದ್ದವಳ ಬಾಗಿಲಿಗೆ ಮಧ್ಯಾಹ್ನ ಪಂಡರಿ ಬಂದ. ಎಲುಬಿನ ಹಂದರವಾಗಿದ್ದ.

"ಹಸಿವಿ ಆಗ್ಯಾದ," ಅಂದ.

ಮನೆಯಲ್ಲಿ ಬೇರೆ ಏನೂ ಇರಲಿಲ್ಲ. ಆ ಎಡೆಯನ್ನೇ ಇಳಿಸಿ ತಂದು ಬಡಿಸಿದಳು. ಅವನು ಉಣ್ಣುತ್ತ ಅವಳ ಬರಿಗೈ ನೋಡಿದ.

ಸುದ್ದಿ ತಿಳಿದು ದಿಗಂಬರ ಓಡಿ ಬಂದು ಪಂಡರಿಯ ಎದುರಿಗೇ ಶುರುಮಾಡಿದ. "ನಾಳೆ ಸಾಹೇಬರು ಮತ್ತ ಚೌಕಶಿಗೆ ಬರ್ತಾರ. ಗಂಡ ಬದುಕ್ಯಾನ ಅಂದ್ರ ಸರ್ಕಾರದ ರೊಕ್ಕ ತಿಂದಿದ್ದಕ್ಕ ನಿನಗ ಜೇಲು. ಮಗಳು ಬೀದಿಗಿ ಬೀಳ್ತದ," ಅಂದ. ನಡುಗುತ್ತಿದ್ದವನು ಅವನೇ. ಊರೂರಲ್ಲಿ ಬದುಕಿದ್ದವರನ್ನು ಕಾಗದದ ಮೇಲೆ ಕೊಂದು ಉಂಡವನು.

"ಅವನ ಮಾತ ಕೇಳಬ್ಯಾಡ, ಖರೇ ಹೇಳು. ನಾ ನಿನ್ನ ಬಾಜೂ ನಿಂದರ್ತೀನಿ," ಅಂದೆ. ಅವಳು ಮಗಳ ತಲೆ ನೇವರಿಸುತ್ತ ಕೂತಳು.

ಮರುದಿನ ಸಾಹೇಬರು ಕಟ್ಟೆಯ ಮೇಲೆ ಕೂತಿದ್ದ ಪಂಡರಿಯನ್ನು ನೋಡಿ, "ಇವರ್ಯಾರು?" ಅಂದರು. ಊರಿಗೆಲ್ಲ ಗೊತ್ತಿತ್ತು. ದಿಗಂಬರನಿಂದ ಒಂದಲ್ಲ ಒಂದು ಕೆಲಸ ಮಾಡಿಸಿಕೊಂಡ ಮನೆಗಳೇ ಎಲ್ಲ. ಯಾರೂ ತುಟಿ ಬಿಚ್ಚಲಿಲ್ಲ. ಜಿಜಾಬಾಯಿ ಸೆರಗು ಎಳೆದುಕೊಂಡು ನೆಲ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಪಂಡರಿಯೇ ಎದ್ದು ನಿಂತ.

"ದಾರಿಹೋಕ ಇದ್ದೀನ್ರಿ ಸಾಹೇಬ್ರ. ಹಸದು ಬಂದಿದ್ದೆ. ಈ ತಾಯಿ ಊಟಕ್ಕ ಹಾಕ್ಯಾಳ," ಅಂದ. ಹೆಂಡತಿಗೆ ಕೈ ಮುಗಿದು ರಸ್ತೆ ಹಿಡಿದ.

"ಇಂಥವರಿಗೇ ಸರ್ಕಾರದ ಸಹಾಯ ಮುಟ್ಟಬೇಕು," ಅಂದರು ಸಾಹೇಬರು.

ಮುಂದಿನ ತಿಂಗಳೂ ಮನಿಆರ್ಡರ್ ಬಂತು, ದಿಗಂಬರ ತನ್ನ ಪಾಲು ಎಣಿಸಿಕೊಂಡು ಹೋದ. ಜಿಜಾಬಾಯಿ ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಅಕ್ಕಾ, ಅವತ್ತು ಬಂದು ಉಂಡು ಹೋದವರು ಖರೇನ ಜೀವಂತ ಇದ್ದರೇನ್ರಿ?"