ಮೂಗು ಮುಚ್ಚಿದ ಶನಿವಾರ

ಬ್ರೇಕ್ ಅಕ್ಕ ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ನಿದ್ದೆಯಲ್ಲೇ ಹೃದಯ ನಿಂತಿತ್ತು. ಬೆಳಗಿನ ಮೊದಲ ಪಾಠಕ್ಕೆ ಬಂದ ಹುಡುಗಿ ಗೇಟಿನ ಹೊರಗೆ ಕಾದು ಕಾದು ಕೊನೆಗೆ ಗಂಟೆ ಒತ್ತಿದಳು. ಬಾಗಿಲು ತೆರೆದವರು ಅಕ್ಕನ ತಂಗಿ. ಶಿಷ್ಯರನ್ನು ಕಾಯಿಸುವ ಜೀವ ಅಕ್ಕನದಲ್ಲ. ಗಂಟೆಯ ಸದ್ದು ಕೇಳಿದಾಗಲೇ ತಂಗಿಗೆ ಏನೋ ಆಗಿದೆ ಎಂದು ಗೊತ್ತಾಗಿತ್ತು.

ಬ್ರೇಕ್ ಅಕ್ಕ ಎಂಬ ಹೆಸರನ್ನು ಇಟ್ಟವರು ಶಿಷ್ಯರು. ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. ಅಕ್ಕ ಅದರ ಮೇಲೆ ಪಾದವಿಟ್ಟು, ಎರಡೂ ಕೈಗಳನ್ನು ಮಡಿಲಲ್ಲಿ ಹಾಕಿಕೊಂಡು, ಸಿನಿಮಾ ನೋಡಲು ಬಂದವರ ಹಾಗೆ ಕೂರುತ್ತಿದ್ದರು. ಹೊಸಬರ ಕೈ ಏರಿಗೆಳೆದರೆ ಕಾಲು ನೀರಿಗೆಳೆಯುತ್ತದೆ. ಎದುರಿಗೆ ಲಾರಿ ಬಂದರೆ ಕಣ್ಣನ್ನೇ ಮುಚ್ಚಿಬಿಡುವವರೂ ಇದ್ದರು.

“ಕಣ್ಣು ಬಿಡಮ್ಮಾ. ಲಾರಿ ನಿನ್ನ ನೋಡೋಕೆ ಬಂದಿಲ್ಲ, ಅದರ ಪಾಡಿಗೆ ಅದು ಹೋಗ್ತಿದೆ. ಸ್ಟೀರಿಂಗ್ ನಿಂದು, ಬ್ರೇಕು ನಂದು. ನಡಿ!”

ಮದುವೆಯ ಬಗ್ಗೆ ಕೇಳಿದವರಿಗೆ, “ಪಕ್ಕದಲ್ಲಿ ಕೂತು ಬ್ರೇಕ್ ಒತ್ತೋ ಅಭ್ಯಾಸ ಆಗಿಹೋಗಿದೆ, ಯಾವ ಗಂಡ ತಡ್ಕೋತಾನೆ?” ಎನ್ನುತ್ತಿದ್ದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿಯ ಜೊತೆ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಇದ್ದರು. ಇಬ್ಬರೂ ದಿನಕ್ಕೊಂದು ಸಲ ಜಗಳವಾಡದಿದ್ದರೆ ಕೆಳಗಿನ ಮನೆಯವರು ಹುಷಾರಿಲ್ಲವೇನೋ ಎಂದು ವಿಚಾರಿಸಲು ಬರುತ್ತಿದ್ದರು.

ವೈನಿನ ಸಹವಾಸ ಹತ್ತಿಸಿದ್ದು ಒಬ್ಬ ವಕೀಲರು. ಐವತ್ತು ದಾಟಿದ ಮೇಲೆ ಕಾರು ಕಲಿಯಲು ಬಂದ ಅವರು, ಲೈಸೆನ್ಸ್ ಸಿಕ್ಕ ದಿನ ಒಂದು ಬಾಟಲಿ ವೈನ್ ತಂದುಕೊಟ್ಟರು.

“ಏನು ವಕೀಲರೇ, ಕುಡಿಸಿ ಕೆಡಿಸ್ತೀರಾ?”

“ಕುಡೀಬೇಡಿ ಅಕ್ಕಾ. ಮೂಸಿ, ಬಾಯಲ್ಲಿ ಆಡಿಸಿ, ಉಗುಳಿ. ಶನಿವಾರ ಸಂಜೆ ನಮ್ಮ ಗುಂಪು ಕಂಪ್ಯೂಟರಲ್ಲಿ ಸೇರುತ್ತೆ, ನೀವೂ ಬನ್ನಿ.”

ತಿಂಗಳ ಮೊದಲ ಶನಿವಾರ ಸೇರುವ ಗುಂಪು ಅದು. ಒಬ್ಬೊಬ್ಬರು ಒಂದೊಂದು ಊರಿನಲ್ಲಿ, ತಮ್ಮ ತಮ್ಮ ಮನೆಯ ಮೇಜಿನ ಮುಂದೆ. ತಿಂಗಳಿಗೊಬ್ಬರ ಸರದಿ. ಸರದಿ ಬಂದವರು ಒಂದು ವಿಷಯ ಕೊಡಬೇಕು: ಒಮ್ಮೆ ದ್ವೀಪಗಳಲ್ಲಿ ಬೆಳೆದ ದ್ರಾಕ್ಷಿ, ಒಮ್ಮೆ ಚಳಿ ಪ್ರದೇಶದ್ದು, ಒಮ್ಮೆ ಬರೀ ಬಾಟಲಿಯ ಚೀಟಿಯ ಮೇಲೆ ಪ್ರಾಣಿಯ ಚಿತ್ರ ಇರುವುದು. ಅದಕ್ಕೆ ಹೊಂದುವ ಬಾಟಲಿಯನ್ನು ತರಬೇಕಾದವರು ರುಚಿ ನೋಡುವವರಲ್ಲ, ಅವರ ಮನೆಯ ಇನ್ನೊಬ್ಬರು. ತಂದು, ಹೆಸರು ಕಾಣದ ಹಾಗೆ ಬಾಟಲಿಗೆ ಒಂದು ಕಾಲುಚೀಲ ತೊಡಿಸಿ, ಬಗ್ಗಿಸಿಕೊಡಬೇಕು. ಗ್ಲಾಸಿನಲ್ಲಿ ಕಂಡದ್ದನ್ನು ಹೇಳಿ ಮುಗಿಸಿದ ಮೇಲೆಯೇ ಕಾಲುಚೀಲ ಬಿಚ್ಚುವುದು. ಹೆಸರು ನೋಡಿ ಹೊಗಳುವುದು ಯಾರಿಗೂ ಬರುತ್ತದೆ ಎಂಬುದು ಗುಂಪಿನ ತತ್ವ.

ಅಕ್ಕನ ಮನೆಯಲ್ಲಿ ಆ ಕೆಲಸ ತಂಗಿಯದು. ತಂಗಿ ಒಂದು ತೊಟ್ಟೂ ಮುಟ್ಟಿದವರಲ್ಲ. “ಅಷ್ಟು ದೂರದಿಂದ ಹೊತ್ತು ತರೋಳು ನಾನು, ಮಗ್ಗಿಗೆ ಉಗುಳೋಳು ನೀನು” ಎಂದು ಗೊಣಗುತ್ತ ತಮ್ಮದೇ ನೀಲಿ ಕಾಲುಚೀಲ ತೊಡಿಸುತ್ತಿದ್ದರು.

ಅಕ್ಕನಿಗೆ ಮೊದಲ ದಿನವೇ ಈ ಆಟ ಒಗ್ಗಿತು. ಮೂಗು ಅವರ ಕಸುಬಿನ ಆಸ್ತಿ. ಕ್ಲಚ್ ಸುಡುವ ವಾಸನೆ ಶಿಷ್ಯರಿಗೆ ತಟ್ಟುವ ಮೊದಲೇ ಅವರಿಗೆ ತಟ್ಟುತ್ತಿತ್ತು. ಪುಸ್ತಕದ ಮಾತು ಅವರಿಗೆ ಬಾರದು. “ಇದು ಮಳೆ ನಿಂತ ಮೇಲೆ ಕಾರಿನ ಬಾಗಿಲು ತೆಗೆದ ಹಾಗಿದೆ,” “ಇದರಲ್ಲಿ ಹೊಸ ಬೂಟಿದೆ,” ಎನ್ನುತ್ತಿದ್ದರು. ಗುಂಪಿನಲ್ಲಿದ್ದ ಹಲ್ಲಿನ ಡಾಕ್ಟ್ರು ಮತ್ತು ಗಣಿತದ ಮೇಷ್ಟ್ರು ತಮ್ಮ ಗ್ಲಾಸಿನಲ್ಲೂ ಅಂಥದ್ದೇನೋ ಇದೆಯೇ ಎಂದು ಮೂಸಿ, “ಹೌದಲ್ಲಾ!” ಎಂದು ತಲೆಯಾಡಿಸುತ್ತಿದ್ದರು. ಅಕ್ಕ ಮಾತಾಡುವವರೆಗೆ ಯಾರೂ ಬಾಯಿ ತೆರೆಯದಂಥ ಸ್ಥಿತಿ ಬಂತು. ಅಕ್ಕನಿಗೂ ಅದು ಹಿತವಾಗಿತ್ತು, ಯಾಕೆ ಸುಳ್ಳು ಹೇಳಬೇಕು.

ಹೋದ ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ಒಂದು ವಾರ ಮಲಗಿ ಎದ್ದರು. ಮತ್ತೆ ಪಾಠ ಶುರುವಾದ ದಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಶಿಷ್ಯೆಯ ತಾಯಿ, “ಮೇಡಂ, ಏನೋ ಸುಡ್ತಿದೆ,” ಎಂದರು. ಕ್ಲಚ್ ಸುಡುತ್ತಿತ್ತು. ಅಕ್ಕನಿಗೆ ಏನೂ ತಿಳಿದಿರಲಿಲ್ಲ. ಮನೆಗೆ ಬಂದು ಸೋಪು ಮೂಸಿದರು, ಕಾಫಿಪುಡಿಯ ಡಬ್ಬಿ ಮೂಸಿದರು, ಪೆಟ್ರೋಲ್ ತಗುಲಿದ ಒರೆಸುಬಟ್ಟೆ ಮೂಸಿದರು. ಗೋಡೆ ಮೂಸಿದ ಹಾಗಿತ್ತು. ವೈದ್ಯರು, ವಾಸನೆ ಮರಳಬಹುದು, ಮರಳದೆಯೂ ಇರಬಹುದು, ಕಾದು ನೋಡಿ ಎಂದರು.

ಅಕ್ಕ ಯಾರಿಗೂ ಹೇಳಲಿಲ್ಲ. ಶಿಷ್ಯರಿಗೆ ಕಲಿಸಲು ಕಣ್ಣು, ಕಿವಿ, ಕಾಲು ಸಾಕಿತ್ತು. ಶನಿವಾರದ ಗುಂಪಿಗೆ ಸಾಲುತ್ತಿರಲಿಲ್ಲ. ಆ ಗುಂಪಿನಲ್ಲಿ ಅಕ್ಕ ಎಂದರೆ ಮೂಗು. ಅದು ಹೋಯಿತೆಂದರೆ ತನಗೆ ಅಲ್ಲಿ ಏನು ಕೆಲಸ ಎಂಬುದೊಂದೇ ಚಿಂತೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದುಕೊಂಡು, ಆ ತಿಂಗಳ ವಿಷಯ ನೋಡಿ, ಗ್ಲಾಸಿನಲ್ಲಿ ಏನಿರಬೇಕೋ ಅದನ್ನು ಹೇಳಿದರು. ನಡೆಯಿತು. ಮುಂದಿನ ತಿಂಗಳೂ ನಡೆಯಿತು.

ಮೂರನೆಯ ತಿಂಗಳು ಮೇಷ್ಟ್ರ ಸರದಿ. ಹಣ್ಣಿನ ತೋಟ ಎಂಬ ವಿಷಯ ಕೊಟ್ಟಿದ್ದರು. ಅಕ್ಕ ಗ್ಲಾಸನ್ನು ತಿರುಗಿಸಿ, ಕಣ್ಣು ಮುಚ್ಚಿ, ಉಸಿರೆಳೆದು ಶುರುಮಾಡಿದರು.

“ಮಾಗಿದ ಸೇಬು. ಹಿಂದುಗಡೆ ಜೇನು. ಬಹಳ ಸ್ವಚ್ಛವಾಗಿದೆ ಮೇಷ್ಟ್ರೇ, ಬೆಳಗಿನ ತೋಟ ಇದು.”

ಹಿಂದೆ ಬಾಟಲಿ ಹಿಡಿದು ನಿಂತಿದ್ದ ತಂಗಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದು ಪರದೆಯಲ್ಲಿ ಎಲ್ಲರಿಗೂ ಕಾಣಿಸಿತು.

“ಅಕ್ಕಾ, ಇದೆಂಥ ಸೇಬು? ನಮ್ಮ ಅಂಗಡಿ ಗೋಡೌನಿಗೆ ನೀರು ನುಗ್ಗಿ ರಟ್ಟಿನ ಡಬ್ಬಿ ಎಲ್ಲಾ ಕೊಳೆತಾಗ ಹೀಗೇ ನಾರ್ತಿತ್ತು!”

ಬಿರಡೆ ಕೆಟ್ಟರೆ ವೈನಿಗೆ ನೆನೆದ ರಟ್ಟಿನ ವಾಸನೆ ಬರುತ್ತದೆ. ಗುಂಪಿಗೆ ಸೇರಿದವರು ಕಲಿಯುವ ಮೊದಲ ಪಾಠವೇ ಅದು. ನಾಲಿಗೆಗೆ ಅದು ಸುಲಭಕ್ಕೆ ತಿಳಿಯದು, ಮೂಗಿದ್ದವರಿಗೆ ತಪ್ಪದು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ವಕೀಲರು ಗಂಟಲು ಸರಿಮಾಡಿಕೊಂಡು, “ಒಬ್ಬೊಬ್ಬರಿಗೆ ಒಂದೊಂದು ಥರ...” ಎಂದು ಏನೋ ಶುರುಮಾಡುವಷ್ಟರಲ್ಲಿ ಅಕ್ಕ, “ನೆಟ್ ಸರಿಯಿಲ್ಲ” ಎಂದು ಕಂಪ್ಯೂಟರ್ ಮುಚ್ಚಿಬಿಟ್ಟರು.

“ಯಾವಾಗಿಂದ?” ತಂಗಿ ಕೇಳಿದರು.

“ಜ್ವರ ಬಂದಾಗಿಂದ.”

“ನನಗೆ ಹೇಳೋಕೇನಾಗಿತ್ತು?”

“ಹೇಳಿದ್ರೆ ಔಷಧಿ ಅಂಗಡೀನೇ ಮನೆಗೆ ಹೊತ್ಕೊಂಡು ಬರ್ತಿದ್ದೆ.”

“ಬರ್ತಿದ್ದೆ! ಬರದೇ ಇನ್ನೇನು? ನಾನೇ ಬಾಯಿ ಹಾಕಿ ನಿನ್ನ ಮಾನ ಕಳೆದ್ನಲ್ಲೇ ಅಕ್ಕಾ...” ತಂಗಿ ಅಳತೊಡಗಿದರು. ಅಕ್ಕನೇ ಸಮಾಧಾನ ಮಾಡಬೇಕಾಯಿತು.

ಮುಂದಿನ ತಿಂಗಳು ಅಕ್ಕನದೇ ಸರದಿ. ಮರುದಿನ ಬೆಳಿಗ್ಗೆ ವಕೀಲರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿ, “ನನ್ನ ಸರದಿ ಬೇರೆಯವರಿಗೆ ಕೊಡಿ. ನಾನಿನ್ನು ಬರಲ್ಲ,” ಎಂದರು.

“ಕೊಡಲ್ಲ,” ವಕೀಲರು ಕಡ್ಡಿ ಮುರಿದ ಹಾಗೆ ಹೇಳಿದರು. “ಏರಿನಲ್ಲಿ ಗಾಡಿ ಆಫ್ ಆಗಿ, ಹಿಂದಿನವರೆಲ್ಲಾ ಹಾರ್ನ್ ಹೊಡೆದಾಗ ನಾನು ಬಾಗಿಲು ತೆಗೆದು ಇಳಿದುಬಿಟ್ಟಿದ್ದೆ. ಆಗ ನೀವೇನಂದ್ರಿ?”

“ಏನಂದೆ?”

“‘ಅಳೋದಾದ್ರೆ ಒಳಗೆ ಕೂತು ಅಳಿ, ಬಾಗಿಲು ಹಾಕಿ’ ಅಂದ್ರಿ.”

ಅಕ್ಕ ಫೋನನ್ನು ಮೆಲ್ಲಗೆ ಇಟ್ಟರು.

ಆ ವಾರವೇ, ಅದೇ ಏರಿನಲ್ಲಿ, ಹೊಸ ಹುಡುಗಿಯೊಬ್ಬಳು ಪದೇ ಪದೇ ಬಗ್ಗಿ ತನ್ನ ಕಾಲು ನೋಡಿಕೊಳ್ಳುತ್ತಿದ್ದಳು. “ಕೆಳಗೇನು ನೋಡ್ತೀಯಾ? ಕ್ಲಚ್ ಕಚ್ಚೋದು ಕಣ್ಣಿಗೆ ಕಾಣಲ್ಲ. ಪಾದದ ಕೆಳಗೆ ಸಣ್ಣಗೆ ನಡುಗುತ್ತೆ ನೋಡು, ಅಲ್ಲೇ ಹಿಡ್ಕೋ,” ಎಂದರು ಅಕ್ಕ. ಸಾವಿರ ಸಲ ಹೇಳಿದ ಮಾತು. ಅವತ್ತು ಮಾತ್ರ ಅದು ಅಕ್ಕನ ಕಿವಿಗೇ ಹೊಸದಾಗಿ ಬಿತ್ತು. ಹುಡುಗಿ ಗಾಡಿ ಏರು ಹತ್ತಿಸಿ, “ಮೇಡಂ, ಹತ್ತಿತು!” ಎಂದು ಕಿರುಚಿದಳು. ಮನೆಗೆ ಬಂದವರೇ ಅಕ್ಕ ಗುಂಪಿಗೆ ಸಂದೇಶ ಕಳಿಸಿದರು: “ಮುಂದಿನ ತಿಂಗಳ ವಿಷಯ, ಮೂಗಿಗೆ ರಜೆ. ಬಾಟಲಿ ಯಾವುದಾದರೂ ಆಗಬಹುದು. ಬಟ್ಟೆ ಒಣಹಾಕುವ ಕ್ಲಿಪ್ ಒಂದು ಇಟ್ಟುಕೊಂಡು ಕೂರಿ.”

ಮುಂದಿನ ತಿಂಗಳ ಶನಿವಾರ ಬಂತು. ಅಕ್ಕ ನೇರ ವಿಷಯಕ್ಕೆ ಬಂದರು. “ನನಗೆ ವಾಸನೆ ಬರಲ್ಲ. ಹಿಂದಿನ ಮೂರು ಸಲ ಹೇಳಿದ್ದೆಲ್ಲಾ ಬುರುಡೆ. ಆಯ್ತಾ? ಈಗ ಕ್ಲಿಪ್ ಹಾಕಿ.”

“ಅಕ್ಕಾ, ಮೂಗಿಲ್ಲದೆ ವೈನ್ ಅಂದ್ರೆ ಬಣ್ಣದ ನೀರಲ್ವಾ?” ಹಲ್ಲಿನ ಡಾಕ್ಟ್ರು ಹೆದರಿಕೊಂಡೇ ಕೇಳಿದರು.

“ಜನರ ಬಾಯಲ್ಲೇ ಜೀವನ ಕಳೆದವರು ನೀವು, ಬಾಯಿ ಮೇಲೆ ನಂಬಿಕೆ ಇಲ್ವಾ? ಹಾಕಿ, ಹಾಕಿ.”

ಪರದೆಯ ಚೌಕಗಳಲ್ಲಿ ಒಂದೊಂದೇ ಮೂಗಿಗೆ ಕ್ಲಿಪ್ಪು ಬಿತ್ತು. ವಕೀಲರದು ಹಸಿರು. ಎಲ್ಲರ ದನಿಯೂ ನೆಗಡಿ ಹಿಡಿದಂತಾಯಿತು. ಅಕ್ಕ ಪಾಠ ಶುರುಮಾಡಿದರು.

“ಒಂದೇ ಗುಟುಕು. ಅವಸರ ಬೇಡ. ಹುಳಿ ಕೆನ್ನೆಯ ಒಳಗೆ ನೀರು ತರಿಸುತ್ತೆ, ಬಂತಾ? ಈಗ ನಾಲಿಗೇನ ಒಸಡಿನ ಮೇಲೆ ಆಡಿಸಿ. ಒರಟಾಗಿದ್ರೆ ಅದು ಒಗರು. ಉಗುಳಿ. ಗಂಟಲು ಬಿಸಿ ಇದೆಯಾ? ತೂಕ ಹೇಗಿದೆ, ನೀರಿನದ್ದಾ, ಹಾಲಿನದ್ದಾ? ವಕೀಲರೇ, ನೀವು ನುಂಗಿದ್ರಿ. ನಾನು ನೋಡ್ದೆ.”

“ಆಕ್ಷೇಪಣೆ ಇದೆ,” ಎಂದರು ವಕೀಲರು, ಮೂಗಿನಲ್ಲಿ.

ಅಷ್ಟರಲ್ಲಿ ಮೇಷ್ಟ್ರ ಕ್ಲಿಪ್ಪು ಸಿಡಿದು ಅವರದೇ ಗ್ಲಾಸಿಗೆ ಬಿತ್ತು. ಮೇಷ್ಟ್ರು ಚಮಚದಲ್ಲಿ ಅದನ್ನು ಹಿಡಿಯುವ ಪಾಡು ನೋಡಿ ಎಲ್ಲರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ಆ ನಗುವಿನಲ್ಲಿ ಹೋದ ತಿಂಗಳಿನದೂ ಸೇರಿತ್ತು, ಅಕ್ಕನೂ ನಗುತ್ತಿದ್ದರು. ಆಮೇಲೆ ಡಾಕ್ಟ್ರು ಮತ್ತೊಂದು ಗುಟುಕು ತೆಗೆದುಕೊಂಡು, ಬಾಯಲ್ಲಿ ಆಡಿಸಿ ಉಗುಳಿದರು. “ಇದು ಬಾಯಲ್ಲಿ ಬಂದು ಕೂತು, ಎದ್ದು ಹೋಗೋದೇ ಇಲ್ಲ ಅಕ್ಕಾ. ಇಷ್ಟು ವರ್ಷ ನಾನು ಇದನ್ನ ಗಮನಿಸಿರಲೇ ಇಲ್ಲ.”

“ಹಾಂ. ಕಚ್ಚಿತು ನೋಡಿ,” ಎಂದರು ಅಕ್ಕ.

ಮುಂದಿನ ಸರದಿ ಡಾಕ್ಟ್ರದು. ಅವರು ಮೊದಲೇ ಯೋಚಿಸಿಟ್ಟಿದ್ದ ವಿಷಯ ಹೂವಿನ ಪರಿಮಳ. ಹೇಳಲು ತಡವರಿಸಿ, “ಬದಲಾಯಿಸ್ತೀನಿ ಅಕ್ಕಾ,” ಎಂದರು.

“ಬದಲಾಯಿಸಿ ನೋಡಿ, ಆಮೇಲೆ ನಿಮಗೆ ಹಲ್ಲು ತೋರಿಸೋದೇ ಇಲ್ಲ. ನಾನು ಬರ್ತೀನಿ. ಜೊತೆಗೆ ಒಂದು ಮೂಗು ಕರ್ಕೊಂಡು ಬರ್ತೀನಿ.”

ಹಿಂದೆ ನಿಂತಿದ್ದ ತಂಗಿ, “ಯಾರದ್ದೇ?” ಎಂದರು. ಉತ್ತರಕ್ಕೆ ಅಕ್ಕ ತಿರುಗಿ ಅವರನ್ನೇ ನೋಡಿದರು.

ಸೋಮವಾರ ಸಂಜೆ ಪಾಠ ಮುಗಿಸಿ ಬಂದವರೇ ತಂಗಿಯನ್ನು ಅಡುಗೆಮನೆಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಒಂದೊಂದೇ ಡಬ್ಬಿ ಮೂಗಿಗೆ ಹಿಡಿದರು.

“ಇನ್ನೂ ಒಂದು ತಿಂಗಳಿದೆಯಲ್ಲೇ!”

“ನಿನಗೆ ಅಷ್ಟೂ ಬೇಕು. ಇದೇನು ಹೇಳು.”

“ಸೋಪು.”

“ಕಣ್ಣು ಬಿಡು. ಗುಲಾಬಿ ನೀರು ಕಣೇ ಅದು.”

“ನನಗೆ ಬರಲ್ಲಾ ಅಂತ ಹೇಳಿದ್ನಲ್ಲ. ನಿಮ್ಮ ಗುಂಪಿನ ಮುಂದೆ ನಗೆಪಾಟಲಾಗ್ಲಾ?”

“ಅಷ್ಟು ಜನರ ಎದುರಿಗೆ ರಟ್ಟಿನ ವಾಸನೆ ಅಂತ ಧೈರ್ಯವಾಗಿ ಹೇಳಿದ್ದು ನೀನೊಬ್ಬಳೇ. ಸುಮ್ನಿರು. ನಿನಗೆ ತೋಚಿದ್ದು ಹೇಳು, ಬಾಕಿ ನಾನು ನೋಡ್ಕೋತೀನಿ.”

ತಂಗಿ ಮತ್ತೆ ಕಣ್ಣು ಮುಚ್ಚಿದರು. ಲವಂಗ ತಿಳಿಯಿತು, ಕಾಫಿಪುಡಿ ತಿಳಿಯಿತು. ಊಟವಾಯಿತು. ತಂಗಿ ಪಾತ್ರೆ ತೊಳೆಯುತ್ತಿದ್ದಾಗ ಅಕ್ಕ ಅಡುಗೆಮನೆಯ ಕುರ್ಚಿಯೊಂದನ್ನು ಎತ್ತಿಕೊಂಡು ಹೋಗಿ ಕಂಪ್ಯೂಟರಿನ ಮುಂದೆ, ತಮ್ಮ ಕುರ್ಚಿಯ ಪಕ್ಕಕ್ಕೆ ಹಾಕಿದರು. ಕ್ಯಾಮೆರಾ ಹಚ್ಚಿ, ಕೂತು ನೋಡಿದರು. ಪಕ್ಕದ ಕುರ್ಚಿ ಅರ್ಧ ಮಾತ್ರ ಕಾಣುತ್ತಿತ್ತು. ಎದ್ದು, ತಮ್ಮ ಕುರ್ಚಿಯನ್ನು ಒಂದಿಷ್ಟು ಆಚೆಗೆ ಸರಿಸಿ, ಮತ್ತೆ ಕೂತು, ಎರಡೂ ಪೂರ್ತಿ ಕಾಣುವುದನ್ನು ನೋಡಿಕೊಂಡು, ದೀಪ ಆರಿಸಿ, ಮಂಗಳವಾರದ ಮೊದಲ ಪಾಠಕ್ಕೆ ಬೇಗ ಏಳಬೇಕೆಂದು ಮಲಗಲು ಹೋದರು.