ಕಾಲರ್ ತೀಡುವ ಹೆಬ್ಬೆರಳು

ಡೌ ಲಾಯ್‌ಗೆನ್ ಬೆಳ್ಳಿ ನಾಣ್ಯದ ಅಂಚಿಗೆ ಉಫ್ ಎಂದು ಊದಿ ಕಿವಿಗೆ ಹಿಡಿದನೆಂದರೆ ಲುವೊಯಾಂಗಿನ ಹಳೇ ಪೇಟೆಯೇ ಉಸಿರು ಬಿಗಿಹಿಡಿಯುತ್ತಿತ್ತು. ನಾದ ಎಳೆಯಾಗಿ ಹರಿದರೆ ಅಸಲಿ. ಇಲ್ಲವಾದರೆ ತಂದವನ ಮಾನ ಅಲ್ಲೇ ಮಣ್ಣುಪಾಲು. ಅವನ ಮಗ ಮಾನ್‌ಶೆಂಗ್ ಸಹಕಾರಿ ಅಂಗಡಿಯ ಗಲ್ಲಾದಲ್ಲಿ ಕೂತಷ್ಟು ವರ್ಷವೂ ಒಂದು ಖೋಟಾ ನೋಟನ್ನು ಒಳಗೆ ಬಿಟ್ಟವನಲ್ಲ. ಆ ಮಾನ್‌ಶೆಂಗನ ಮಗಳೇ ದನದ ಮಾಂಸದ ಸಾರು ಮಾರುವ ಗ್ವೇಫೆಂಗ್. ನೂರು ಯುವಾನ್ ನೋಟಿನ ಮೇಲಿರುವ ನಾಯಕನ ಚಿತ್ರದಲ್ಲಿ ಕೋಟಿನ ಕಾಲರನ್ನು ಹೆಬ್ಬೆರಳಿನಿಂದ ತೀಡಿದರೆ ಸಾಕು, ಅಸಲಿಯ ತರಿ ಅವಳಿಗೆ ತಾಗುತ್ತಿತ್ತು. ಈಗ ಗಿರಾಕಿಗಳೆಲ್ಲ ಫೋನಿನಲ್ಲೇ ದುಡ್ಡು ಕೊಡುವವರು. ಬೆರಳಿಗೆ ಕೆಲಸವೇ ಇರಲಿಲ್ಲ.

ಆ ಬೆಳಿಗ್ಗೆ ಹೊರದೇಶದ ಒಬ್ಬ ಹೆಂಗಸು ಸಾರು ಕುಡಿದು, "ಫೋನು ಆಗೊಲ್ಲ" ಎಂದು ತೊದಲುತ್ತ ಕೆಂಪು ನೂರರ ನೋಟು ಚಾಚಿದಳು. ಗ್ವೇಫೆಂಗ್ ತೀಡಿದಳು. ನುಣ್ಣಗಿತ್ತು.

"ಬೇರೆ ಕೊಡಮ್ಮ."

ಬೇರೆಯದೂ ನುಣ್ಣಗೆ. ಮೂರನೆಯದೂ. ಆ ಹೆಂಗಸಿನ ಮುಖ ಕೆಂಪೇರಿತು. "ಬ್ಯಾಂಕು, ಬ್ಯಾಂಕು" ಎಂದು ಬೀದಿಯ ಆಚೆ ಬೆರಳು ತೋರಿಸಿದಳು.

ಪಕ್ಕದಲ್ಲಿ ರೊಟ್ಟಿ ಬೇಯಿಸುವ ಚಿಯಾವ್ ಕಿಸಕ್ಕೆಂದ. "ಏನಕ್ಕಾ, ಬ್ಯಾಂಕಿನವರೇ ಖೋಟಾ ಅಚ್ಚು ಹಾಕೋಕೆ ಶುರು ಮಾಡಿದ್ರಾ?"

"ನಿನ್ನ ರೊಟ್ಟಿ ಸೀಯ್ತಿದೆ, ನೋಡ್ಕೋ."

ಗ್ವೇಫೆಂಗ್ ಸೌಟು ಇಟ್ಟಳು, ಮತ್ತೆ ಎತ್ತಿದಳು. ಕೈಯನ್ನು ಏಪ್ರನ್‌ಗೆ ಎರಡು ಸಲ ಒರೆಸಿದಳು. ಕೊನೆಗೆ ತನ್ನದೇ ಡಬ್ಬಿಯಿಂದ, ಪಿಂಚಣಿಯಲ್ಲಿ ಬಂದಿದ್ದ, ಅಸಲಿಯೆಂದು ಖಚಿತವಿದ್ದ ನೋಟು ತೆಗೆದು ತೀಡಿದಳು. ಅದೂ ನುಣ್ಣಗೆ. ನಲವತ್ತು ವರ್ಷ ಕುದಿವ ಸಾರಿನ ಬಟ್ಟಲು ಹಿಡಿದು ಹೆಬ್ಬೆರಳೇ ಜಡ್ಡುಗಟ್ಟಿತ್ತು, ನೋಟಿನದೇನೂ ತಪ್ಪಿರಲಿಲ್ಲ. ಈ ಬೀದಿಗೆ ಇದು ಗೊತ್ತಾದರೆ ಅಜ್ಜ, ಅಪ್ಪ ಉಳಿಸಿಕೊಂಡು ಬಂದ ಹೆಸರು ತನ್ನ ಕೈಯಲ್ಲೇ ಮುಗಿಯಿತು.

ಸಾಲಿನಲ್ಲಿ ನಿಂತವರು ಗೊಣಗಿದರು. "ಅಜ್ಜೀ, ಸಾರು ಆರಿ ಹೋಗತ್ತೆ!"

ಆ ಹೆಂಗಸು ನೋಟುಗಳನ್ನೆಲ್ಲ ಅವಳ ಮುಂದೆ ಇಟ್ಟು, ಚಿಲ್ಲರೆ ಬೇಡವೆಂಬಂತೆ ಕೈಯಾಡಿಸಿದಳು. ಅದು ಗ್ವೇಫೆಂಗಳಿಗೆ ಇನ್ನೂ ಚುಚ್ಚಿತು.

ಚಿಯಾವ್ ಈಗ ನಗುತ್ತಿರಲಿಲ್ಲ. ಹಿಟ್ಟಿನ ಕೈ ಕೊಡವಿಕೊಂಡು ಹತ್ತಿರ ಬಂದ. "ಇಲ್ಲಿ ಕೊಡಕ್ಕ. ನನ್ನ ಹತ್ರ ನೋಟು ಪರೀಕ್ಷೆ ಮಾಡೋ ಮೆಷಿನ್ ಇದೆ. ಒಂದು ಕ್ಷಣ ತೂರಿಸಿದ್ರೆ ಆಯ್ತು, ಯಾರಿಗೂ ಹೇಳಲ್ಲ."

ಅವಳು, ಅಜ್ಜ ನಾಣ್ಯ ಹಿಡಿಯುತ್ತಿದ್ದಂತೆ, ನೋಟಿನ ಮೂಲೆ ಹಿಡಿದು ಕಿವಿಯ ಪಕ್ಕಕ್ಕೆ ತಂದಳು. ಅಸಲಿಯ ಗರಿಗರಿ ಸದ್ದು ಬರುತ್ತದೋ ಎಂದು ಒಮ್ಮೆ ಕೊಡವಿದಳು.

"ಮುಟ್ಟಬೇಡ. ನಿನ್ನ ಮೆಷಿನ್ ನಿನ್ನ ಹಿಟ್ಟಿನ ಡಬ್ಬಿಯಲ್ಲೇ ಇರಲಿ. ಎಲ್ಲರೂ ಒಂಚೂರು ಬಾಯಿ ಮುಚ್ಚಿ, ನಾನು ಕೇಳಿಸ್ಕೋಬೇಕು."